ಆಯದ ಹೊರಗೆ ಉಳಿದ ಐದು ಅಡಿ

ಬಟ್ಟಲಿನ ಚಹಾ ಆರುವುದಕ್ಕೂ ಮುಂಚೆಯೇ ಮಾಸ್ತರರು ನಾನು ಬರೆದ ಮನೆಯ ನಕ್ಷೆಯನ್ನು ನೋಡಿ ಮುಗಿಸಿದರು. ಕಿಟಕಿ ಎಲ್ಲಿದೆ, ಗಾಳಿ ಯಾವ ಕಡೆಯಿಂದ ಬರುತ್ತದೆ, ಮಂಚದಿಂದ ಬಾಗಿಲಿಗೆ ಎಷ್ಟು ದೂರ, ಇದಾವುದನ್ನೂ ನೋಡಲಿಲ್ಲ. ನೋಡಿದ್ದು ಎರಡು ಅಂಕಿಗಳನ್ನು ಮಾತ್ರ. ಅಗಲ ಹದಿನೆಂಟು, ಉದ್ದ ಇಪ್ಪತ್ತಾರು. ಬೆರಳಿನಿಂದ ತೊಡೆಯ ಮೇಲೆ ಏನೋ ಗುಣಿಸಿ, ಭಾಗಿಸಿ, ಹಾಳೆಯನ್ನು ನನ್ನ ಕಡೆಗೆ ಸರಿಸಿದರು.

“ನಾಕು ಉಳೀತು. ಶ್ವಾನಾಯ,” ಎಂದರು. “ನಾಯಿ. ಈ ಮನ್ಯಾಗ ಇದ್ದವರು ಬೆಳಗಾದ್ರ ಒಬ್ಬರಿಗೊಬ್ಬರು ಬೊಗಳಿಕೋಂತ ಇರ್ತಾರ.”

“ಈಗೇನ ಕಡಿಮಿ ಐತೇನು?” ಎಂದು ಒಳಗಿನಿಂದ ಮನೆಯೊಡತಿ ಕಾಕು ಅಂದದ್ದು ಕೇಳಿಸಿತು.

ಆಗ ನನಗೆ ಕೆಲಸವಿರಲಿಲ್ಲ. ಹುಬ್ಬಳ್ಳಿಯ ಕಚೇರಿ ಮುಚ್ಚಿದ ಮೇಲೆ ಬೆಟಗೇರಿಯ ಮನೆಗೆ ಮರಳಿದ್ದೆ. ನಮ್ಮದು ನೇಕಾರರ ಮನೆ. ಮಗ್ಗವಿದ್ದ ಕೋಣೆಯಲ್ಲಿ ಈಗ ನನ್ನ ಮೇಜು ಇದೆ. ಅಪ್ಪ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಕುಣಿಯನ್ನು ಮಣ್ಣು ತುಂಬಿ, ಮೇಲೆ ಫರಸಿ ಕಲ್ಲು ಹಾಸಿ ಮುಚ್ಚಿದ್ದಾರೆ. ಮಣ್ಣು ಕುಸಿದಿರಬೇಕು, ಕುರ್ಚಿ ಎಳೆದಾಗ ಅಲ್ಲಿ ಮಾತ್ರ ನೆಲ ಟೊಳ್ಳು ಸದ್ದು ಮಾಡುತ್ತದೆ. ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಕಚೇರಿಗೆ ಹೋಗುವವಳಂತೆ ತಲೆ ಬಾಚಿಕೊಂಡು ಆ ಮೇಜಿಗೆ ಬರುತ್ತಿದ್ದೆ. ಊರೂರಿನ ಕಚೇರಿಗಳಿಗೆ ನನ್ನ ಹಳೆಯ ನಕ್ಷೆಗಳನ್ನು ಕಳಿಸುತ್ತಿದ್ದೆ. ಬಹಳ ಕಡೆಯಿಂದ ಉತ್ತರವೇ ಬರುತ್ತಿರಲಿಲ್ಲ. ಬಂದರೆ, ಸದ್ಯಕ್ಕೆ ಜಾಗವಿಲ್ಲ ಎಂಬ ವಿನಯದ ಎರಡು ಸಾಲು.

ಓಣಿಯವರಿಗೆ ನನ್ನ ಕೆಲಸ ಏನೆಂಬುದೇ ತಿಳಿದಿರಲಿಲ್ಲ. ನೀರು ಬಂದಾಗ ನಳದ ಹತ್ತಿರ ಒಬ್ಬಾಕೆ ಕೇಳಿದ್ದಳು.

“ನೀ ಇಂಜಿನಿಯರ್ ಅಲ್ಲೇನವಾ ಹಂಗಾರ?”

“ಅಲ್ರಿ. ಆರ್ಕಿಟೆಕ್ಟ್.”

“ಅಂದ್ರ ಅದಕ್ಕಿಂತ ಸಣ್ಣದೋ ದೊಡ್ಡದೋ?”

ನಾನು ಕೊಡ ಎತ್ತಿಕೊಂಡು ಬಂದೆ.

ಲಕ್ಷ್ಮೇಶ್ವರದ ಕೆಲಸ ಬಂದದ್ದು ಅಪ್ಪನಿಂದ. ಅಪ್ಪ ನೇಯ್ದ ಸೀರೆಗಳನ್ನು ಎಷ್ಟೋ ವರ್ಷ ಕೊಂಡುಕೊಂಡಿದ್ದ ಬಟ್ಟೆ ಅಂಗಡಿಯವರು ಅಲ್ಲಿದ್ದಾರೆ. ಚಿಕ್ಕವಳಿದ್ದಾಗಿನಿಂದ ನಾನು ಅವರನ್ನು ಕಾಕಾ ಎಂದೂ ಅವರ ಹೆಂಡತಿಯನ್ನು ಕಾಕು ಎಂದೂ ಕರೆಯುತ್ತೇನೆ. ಅವರದು ಹಳೆಯ ಮನೆ. ಮುಂದಿನ ಭಾಗ ಗಟ್ಟಿಯಿದೆ; ಹಿಂದಿನ ಮಣ್ಣಿನ ಮಾಳಿಗೆ ಮಳೆಗಾಲದಲ್ಲಿ ಕುಸಿಯತೊಡಗಿತ್ತು. ಅದನ್ನು ಕೆಡವಿ ಅಡುಗೆಮನೆ, ಉಗ್ರಾಣ ಮತ್ತು ಕಾಕಾನ ತಾಯಿಗೆ ಒಂದು ಕೋಣೆ ಕಟ್ಟಬೇಕಿತ್ತು.

ನಾನು ಮೊದಲು ಅಳತೆಗೆ ಹೋದ ದಿನ ಅಜ್ಜಿ ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ಟೊಂಕದ ಮೂಳೆ ಮುರಿದು ಆಪರೇಶನ್ ಆಗಿತ್ತು. ಪಕ್ಕದಲ್ಲಿ ನಾಲ್ಕು ಕಾಲಿನ ವಾಕರ್. ಕಾಕು ಎಲ್ಲರಿಗೂ ಚಹಾ ತಂದಳು. ಅಜ್ಜಿ ತಮ್ಮ ಬಟ್ಟಲನ್ನು ಕೈಯಿಂದ ಮುಚ್ಚಿ, ಬೇಡವೆಂದರು. ನಾನು ಟೇಪು ಹಿಡಿದು ಮಂಚದ ಹತ್ತಿರ ಬಂದಾಗ, ಕಾಕು ಒಳಗೆ ಹೋದದ್ದನ್ನು ನೋಡಿಕೊಂಡು ಹೇಳಿದರು.

“ಕುಡದ್ರ ಹೋಗಬೇಕಾಗತೈತಿ ತಂಗಿ. ಹೋಗಬೇಕಂದ್ರ ಯಾರನ್ನರ ಕರೀಬೇಕಾಗತೈತಿ. ಹೊತ್ತು ಮುಳಗಿದ ಮ್ಯಾಲಂತೂ ನೀರು ಸೈತ ಕುಡಿಯೂದಿಲ್ಲ ನಾ. ಬಾಯಿ ಒಣಗಿದ್ರ ಒಂದ ಸ್ವಲ್ಪ ಮುಕ್ಕಳಿಸಿ ಉಗುಳತೀನಿ.”

ಸಂಡಾಸ ಹಿತ್ತಲಿನ ತುದಿಯಲ್ಲಿತ್ತು. ಹೋಗಲು ಎರಡು ಮೆಟ್ಟಿಲು ಇಳಿಯಬೇಕು, ನೀರಿನ ಟಾಕಿಯನ್ನು ಸುತ್ತಿ ಹೋಗಬೇಕು, ಮತ್ತೆ ಒಂದು ಕಲ್ಲು ಹತ್ತಬೇಕು. ನಾನು ಆ ದಾರಿಯನ್ನು ನಡೆದು ನೋಡಿದೆ. ಚಪ್ಪಡಿ ಕಲ್ಲುಗಳ ನಡುವಿನ ಸಂದಿಯಲ್ಲಿ ವಾಕರಿನ ಕಾಲು ಸಿಕ್ಕಿಕೊಳ್ಳುವಂತಿತ್ತು. ಅಜ್ಜಿ ಬಿದ್ದದ್ದೂ ಅಲ್ಲೇ ಎಂದು ಆಮೇಲೆ ತಿಳಿಯಿತು.

ನಕ್ಷೆಗೆ ಬೇರೇನೂ ಬೇಕಿರಲಿಲ್ಲ. ಅಜ್ಜಿಯ ಮಂಚ, ಮಂಚದಿಂದ ನೇರ ಬಾಗಿಲು, ಬಾಗಿಲ ಆಚೆ ಬಚ್ಚಲು ಮತ್ತು ಕಮೋಡು, ವಾಕರ್ ತಿರುಗಲು ಐದು ಅಡಿ ಜಾಗ. ಇದನ್ನು ಮೊದಲು ಬರೆದು, ಉಳಿದ ಮನೆಯನ್ನು ಅದರ ಸುತ್ತ ಕೂರಿಸಿದೆ. ಕಂಪ್ಯೂಟರಿನ ತಂತ್ರಾಂಶದ ಅವಧಿ ಮುಗಿದಿದ್ದರಿಂದ ಪೆನ್ಸಿಲಿನಲ್ಲೇ ಬರೆದೆ. ಬಹಳ ದಿನಗಳ ಮೇಲೆ ಮೇಜಿನ ಮುಂದೆ ಕೂತದ್ದಕ್ಕೆ ಅರ್ಥವಿತ್ತು.

ಆ ನಕ್ಷೆಗೇ ನಾಯಿ ಉಳಿದದ್ದು.

ಮಾಸ್ತರರು ಅಜ್ಜಿಯ ತಮ್ಮ, ಕಾಕಾನ ಸೋದರಮಾವ. ಶಿರಹಟ್ಟಿಯಲ್ಲಿ ಇರುತ್ತಾರೆ. ಶಾಲೆಯಿಂದ ನಿವೃತ್ತರಾದ ಮೇಲೆ ಬಳಗದವರ ಮನೆಗಳಿಗೆಲ್ಲ ಆಯ ಹಾಕಿಕೊಡುತ್ತಾರೆ. ಲೆಕ್ಕ ಸರಳ. ಮನೆಯ ಒಳ ಅಳತೆಯ ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಬೇಕು. ಒಂದು ಉಳಿದರೆ ಧ್ವಜ, ಮೂರು ಸಿಂಹ, ಐದು ವೃಷಭ, ಏಳು ಗಜ, ಇವು ಒಳ್ಳೆಯವು. ಎರಡು ಉಳಿದರೆ ಹೊಗೆ, ನಾಲ್ಕು ನಾಯಿ, ಆರು ಕತ್ತೆ, ಏನೂ ಉಳಿಯದಿದ್ದರೆ ಕಾಗೆ. ಐದು ವರ್ಷ ಕಾಲೇಜಿನಲ್ಲಿ ಕಲಿತ ನನಗೆ ಈ ಪ್ರಾಣಿಗಳ ಬಗ್ಗೆ ಯಾರೂ ಹೇಳಿರಲಿಲ್ಲ.

“ಹದಿನೇಳು, ಇಪ್ಪತ್ಮೂರು ಇಡು,” ಎಂದರು ಮಾಸ್ತರರು. “ಏಳು ಉಳೀತೈತಿ. ಗಜಾಯ. ಮತ್ತ ಈ ಸಂಡಾಸ ತಗದುಬಿಡು. ಮನಿ ಆಯದಾಗ ಸಂಡಾಸ ಬರಬಾರದು. ಮೊದಲಿಂದ ಹಿತ್ತಲದಾಗ ಐತಿ, ಅಲ್ಲೇ ಇರ್ಲಿ.”

“ಅಜ್ಜಿಗೆ ಅಲ್ಲಿತನಕಾ ಹೋಗಾಕ ಆಗೂದಿಲ್ರಿ,” ಎಂದೆ.

“ಕೈ ಹಿಡಕೊಂಡು ಹೋಗಾಕ ಮನ್ಯಾಗ ಮಂದಿ ಇಲ್ಲೇನು? ಈಗ ಯಾರು ಒಯ್ಯಾಕ ಹತ್ಯಾರ?”

ನಾನು ಅಜ್ಜಿಯ ಕಡೆ ನೋಡಿದೆ. ಅವರು ಸೆರಗಿನ ಅಂಚನ್ನು ನೋಡುತ್ತಿದ್ದರು. ನನಗೆ ಹೇಳಿದ್ದನ್ನು ತಮ್ಮನ ಮುಂದೆ ಹೇಳುವ ಹೆಂಗಸಲ್ಲ ಅವರು. ಅವರು ಹೇಳದ್ದನ್ನು ಅಷ್ಟು ಜನರ ನಡುವೆ ನಾನು ಹೇಳುವುದೂ ಸರಿಯೆನಿಸಲಿಲ್ಲ. ವಾಕರಿನ ಅಳತೆ ಹೇಳಿದೆ, ಮೆಟ್ಟಿಲಿನ ಎತ್ತರ ಹೇಳಿದೆ. ಮಾಸ್ತರರು ತಾಳ್ಮೆಯಿಂದಲೇ ಕೇಳಿದರು, ಪರೀಕ್ಷೆಯಲ್ಲಿ ತಪ್ಪು ಉತ್ತರವನ್ನು ಉದ್ದಕ್ಕೆ ಬರೆದ ಹುಡುಗಿಯನ್ನು ಕೇಳುವಂತೆ.

“ಮಾವಾರು ಹೇಳಿದಂಗ ಮಾಡಿಬಿಡು ತಂಗಿ,” ಎಂದ ಕಾಕಾ. “ಹಿರ್ಯಾರದೊಂದು ಮಾತು ಇರ್ಲಿ.”

ಹದಿನೇಳು, ಇಪ್ಪತ್ಮೂರು ಎಂದು ಹೊಸ ನಕ್ಷೆ ಬರೆದೆ. ಸಂಡಾಸವನ್ನು ಮನೆಯ ಹಿಂಗೋಡೆಗೆ ಹೊರಗಿನಿಂದ ಅಂಟಿಸಲು ನೋಡಿದೆ, ಆದರೆ ನೀರಿನ ಟಾಕಿ ಅಡ್ಡ ಬರುತ್ತಿತ್ತು. ಟಾಕಿ ಒಡೆಯಲು ಕಾಕಾ ಒಪ್ಪಲಿಲ್ಲ. ಸಂಡಾಸವಿಲ್ಲದ ನಕ್ಷೆಯನ್ನೇ ಗೌಂಡಿಗೆ ಕೊಟ್ಟು ಊರಿಗೆ ಬಂದೆ. ಗೌಂಡಿ ಲಕ್ಷ್ಮೇಶ್ವರದ ಮುಸ್ಲಿಂ ಓಣಿಯವರು, ಆ ಭಾಗದ ಅರ್ಧ ಮನೆಗಳನ್ನು ಕಟ್ಟಿದವರು. “ಚಿಂತಿ ಬಿಡ್ರಿ ಮೇಡಮ್ಮರ, ಕಾಗದದ ಮ್ಯಾಲ ಇದ್ದಂಗ ಎಬ್ಬಸ್ತೀನಿ,” ಎಂದಿದ್ದರು. ನನಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಕಾಗದದ ಮೇಲೆ ಇದ್ದದ್ದೇ ತಪ್ಪಾಗಿತ್ತು.

ಅಪ್ಪನಿಗೆ ಹೇಳಿದೆ. ಅಪ್ಪ ಹೇಳಿದ್ದಿಷ್ಟು. “ಗಿರಾಕಿ ಕೇಳಿದ ಬಣ್ಣದ ಸೀರಿ ದಡೀನ ನೇಯಬೇಕಾಗತೈತಿ. ನನಗ ಛಲೋ ಕಾಣಸೂದ ಬ್ಯಾರೆ.”

“ದಡಿ ತಪ್ಪಿದ್ರ ಉಟ್ಟಾಕಿ ಬೀಳೂದಿಲ್ಲಲ್ಲಪಾ,” ಎಂದೆ.

ಮುಂದಿನ ದಿನಗಳು ಮತ್ತೆ ಮೊದಲಿನಂತೆ. ತಲೆ ಬಾಚಿಕೊಳ್ಳುವುದು, ಮೇಜು, ಟೊಳ್ಳು ನೆಲ. ಎರಡು ಕಚೇರಿಗಳು ಫೋನಿನಲ್ಲಿ ಮಾತಾಡಿಸಿದವು. ನನ್ನ ಸಿಟ್ಟು ಯಾರ ಮೇಲೆ ಎಂಬುದು ನನಗೇ ಸ್ಪಷ್ಟವಿರಲಿಲ್ಲ. ಬಾಗಿಲು ತಟ್ಟದೆ ಬರುವ ಎಂಟರ ಮಗ್ಗಿಯೊಂದು ಎಲ್ಲಿ ಕೂತರೂ ತಲೆಯೊಳಗೆ ನಡೆಯುತ್ತಿತ್ತು.

ಪಾಯಾ ಮುಗಿದಿದೆ, ಕಿಟಕಿ ಬಾಗಿಲಿನ ಜಾಗ ಗುರುತು ಮಾಡಿಕೊಡಬೇಕು ಎಂದು ಕಾಕಾ ಫೋನು ಮಾಡಿದ. ಹೋದೆ. ಕಲ್ಲಿನ ಕಟ್ಟಡ ನೆಲದಿಂದ ಮೇಲೆ ಬಂದಿತ್ತು, ಅಚ್ಚುಕಟ್ಟಾಗಿತ್ತು. ಒಳಗೆ ತುಂಬಲು ಮರುದಿನ ಮುರುಮಿನ ಮಣ್ಣು ಹೊತ್ತ ಟ್ರ್ಯಾಕ್ಟರ್ ಬರುವುದಿತ್ತು.

ಎಲ್ಲಿ ಹೋದರೂ ಅಳೆಯುವುದು ನನ್ನ ಅಭ್ಯಾಸ. ಟೇಪಿನ ಒಂದು ತುದಿಯನ್ನು ಗೌಂಡಿಯ ಕೈಗೆ ಕೊಟ್ಟೆ.

“ನೋಡೂದ ಬ್ಯಾಡ್ರಿ,” ಎಂದರು ಗೌಂಡಿ. “ಮಾಸ್ತರ ತಾವ ಬಂದು ಟೇಪ್ ಹಿಡದು ನೋಡ್ಯಾರ. ಅಗಲ ಹದಿನೇಳು, ಉದ್ದ ಇಪ್ಪತ್ಮೂರು. ಒಂದು ನೂಲಿನಷ್ಟೂ ಫರಕ ಇಲ್ಲ.”

ಫರಕು ಇರಲಿಲ್ಲ. ಕಲ್ಲಿನ ಒಳ ಮುಖದಿಂದ ಒಳ ಮುಖಕ್ಕೆ ಸರಿಯಾಗಿ ಹದಿನೇಳು, ಸರಿಯಾಗಿ ಇಪ್ಪತ್ಮೂರು. ನಾನು ಟೇಪು ಸುತ್ತುತ್ತಿದ್ದವಳು ನಿಲ್ಲಿಸಿದೆ.

“ಕಲ್ಲು ಎಷ್ಟು ಅಗಲ ಕಟ್ಟೀರಿ?”

“ಇಪ್ಪತ್ತೊಂದು ಇಂಚು.”

“ಗ್ವಾಡಿ?”

“ಇಟ್ಟಂಗೀದು, ಒಂಬತ್ತು ಇಂಚು. ನಿಮ್ಮ ಕಾಗದದಾಗ ಇದ್ದಂಗ.”

“ಗ್ವಾಡಿ ಕಲ್ಲಿನ ಮ್ಯಾಲ ಎಲ್ಲಿ ಬರ್ತೈತಿ?”

“ಎಲ್ಲಿ ಅಂದ್ರ?” ಗೌಂಡಿ ನನ್ನನ್ನು ವಿಚಿತ್ರವಾಗಿ ನೋಡಿದರು. “ನಡುವ ಬರ್ತೈತಿ. ಎಲ್ಲಾರ ಮನ್ಯಾಗೂ ನಡುವ ಬರ್ತೈತಿ.”

ಅಂದರೆ ಗೋಡೆ ಎದ್ದಾಗ ಪ್ರತಿ ಬದಿಗೂ ಆರಾರು ಇಂಚು ಒಳಗೆ ಬಯಲಾಗುತ್ತದೆ. ಗೋಡೆಯಿಂದ ಗೋಡೆಗೆ ಮನೆ ಹದಿನೇಳು ಇಪ್ಪತ್ಮೂರು ಅಲ್ಲ, ಹದಿನೆಂಟು ಇಪ್ಪತ್ನಾಲ್ಕು. ಮಾಸ್ತರರು ಆಯವನ್ನು ಪಾಯಾದ ಕಲ್ಲಿನಲ್ಲಿ ಅಳೆದಿದ್ದರು. ಅದರ ಮೇಲೆ ನಿಂತೇ ನಾನು ಜೀವನದಲ್ಲಿ ಮೊದಲ ಬಾರಿ ಆಯ ಹಾಕಿದೆ. ನಾಲ್ಕುನೂರಾ ಮೂವತ್ತೆರಡು. ಎಂಟರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. ಕಾಗೆ.

ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಕಾ ಪಕ್ಕದಲ್ಲೇ ಇದ್ದ. ಕಲ್ಲು ಹೊರುವ ಹೆಣ್ಣಾಳುಗಳು ನೆರಳಿನಲ್ಲಿ ಊಟಕ್ಕೆ ಕೂತಿದ್ದರು, ಪಕ್ಕದ ಮನೆಯವರು ಗೋಡೆಯ ಮೇಲಿಂದ ನೋಡುತ್ತಿದ್ದರು. ಬಾಯಿ ತೆರೆದರೆ ಸಾಕು, ಸಂಜೆಯೊಳಗೆ ಅಂಗಡಿ ಸಾಲಿಗೆಲ್ಲ ಸುದ್ದಿಯಾಗುತ್ತಿತ್ತು. ಆಮೇಲೇನು ಎಂದು ಯೋಚಿಸಿದೆ. ಮಾಸ್ತರರು ಬರುತ್ತಾರೆ, ಗೋಡೆಯನ್ನು ಒಂದು ಅಂಚಿಗೆ ಸರಿಸಿ ಲೆಕ್ಕ ಸರಿಮಾಡುತ್ತಾರೆ, ಮತ್ತು ನನ್ನ ಮುಖ ನೋಡಿದಾಗಲೆಲ್ಲ ಸಂಡಾಸವನ್ನು ಇನ್ನಷ್ಟು ದೂರ ಇಡುತ್ತಾರೆ. ಸುಮ್ಮನಿದ್ದರೂ ನಡೆಯುತ್ತಿತ್ತು. ನಾಳೆ ಮುರುಮು ಬಿದ್ದರೆ ಕಲ್ಲಿನ ಅಳತೆ ಯಾರಿಗೂ ಕಾಣುವುದಿಲ್ಲ. ನನ್ನ ಪಾಲಿಗೆ ಆ ಮನೆಗೆ ಯಾವ ಕಾಗೆಯೂ ಬರುವುದಿರಲಿಲ್ಲ.

ಪಡಸಾಲೆಯ ಬಾಗಿಲಿನಿಂದ ಅಜ್ಜಿ ಕಾಣುತ್ತಿದ್ದರು. ವಾಕರ್ ಹಿಡಿದು ಎದ್ದು ನಿಂತಿದ್ದರು, ಕಾಕು ಕೈ ತೊಳೆದುಕೊಂಡು ಬರುವುದನ್ನು ಕಾಯುತ್ತಿದ್ದರು.

“ಮುರುಮು ನಾಳಿ ಬ್ಯಾಡ್ರಿ. ಒಂದ ದಿನ ತಡದು ತರಸ್ರಿ,” ಎಂದೆ ಗೌಂಡಿಗೆ.

“ಯಾಕ್ರಿ?”

“ಒಂದು ಅಳತಿ ಕೇಳೂದೈತಿ.”

“ಟ್ರ್ಯಾಕ್ಟರಿನವ ಒಮ್ಮೆ ಹೋದ್ರ ಅಂವ ಬರೂದು ಅಂವನ ಮರ್ಜಿ. ನೋಡ್ರಿ ಮತ್ತ.”

ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ಹಾಳೆ ತೆಗೆದೆ. ಅಲ್ಲಿಯವರೆಗೆ ಆಯವನ್ನು ನಾನು ಲೆಕ್ಕವೆಂದು ನೋಡಿರಲಿಲ್ಲ, ಅಡ್ಡಗಾಲೆಂದು ನೋಡಿದ್ದೆ. ಈಗ ಪುರಸಭೆಯ ನಿಯಮವನ್ನು ನೋಡುವಂತೆ ನೋಡಿದೆ. ಅದು ಏನು ಕೇಳುತ್ತದೆ, ಏನು ಕೇಳುವುದಿಲ್ಲ? ಕೇಳುವುದು ನಾಲ್ಕು ಗೋಡೆಗಳ ಒಳ ಅಳತೆ. ನಾಲ್ಕನೆಯ ಗೋಡೆಯ ಆಚೆಗೆ ಇದ್ದದ್ದಕ್ಕೆ ಪ್ರಾಣಿಯೇ ಇಲ್ಲ.

ಗೋಡೆಗಳನ್ನು ಕಲ್ಲಿನ ನಡುವೆ ಇಡದೆ ಹೊರ ಅಂಚಿಗೆ ಸರಿಯಾಗಿ ಇಟ್ಟರೆ ಅಗಲ ಹತ್ತೊಂಬತ್ತು, ಉದ್ದ ಇಪ್ಪತ್ತೈದು ಆಗುತ್ತದೆ. ಒಳಗೆ ಉಳಿಯುವ ಕಲ್ಲು ನೆಲದ ಕೆಳಗೆ ಮುಚ್ಚಿಹೋಗುತ್ತದೆ. ಉದ್ದದಲ್ಲಿ ಹತ್ತೊಂಬತ್ತಕ್ಕೆ ಒಂದು ಅಡ್ಡಗೋಡೆ ಎಬ್ಬಿಸಿದರೆ ಮನೆ ಹತ್ತೊಂಬತ್ತು, ಹತ್ತೊಂಬತ್ತು. ಮುನ್ನೂರಾ ಅರವತ್ತೊಂದು, ಒಂದು ಉಳಿಯಿತು. ಧ್ವಜ, ಎಲ್ಲಕ್ಕಿಂತ ಮೊದಲಿನದು. ಆ ಚೌಕದಲ್ಲಿ ಅಡುಗೆಮನೆ, ಅಜ್ಜಿಯ ಕೋಣೆ. ಅಡ್ಡಗೋಡೆಯ ಹಿಂದೆ, ಈಗಾಗಲೇ ಕಟ್ಟಿದ ಹಿಂಬದಿಯ ಕಲ್ಲಿನ ಮೇಲೆ ಏಳುವ ಗೋಡೆಯವರೆಗೆ ಐದು ಅಡಿ ಮೂರು ಇಂಚಿನ ಪಟ್ಟಿ ಉಳಿಯುತ್ತದೆ. ಅದರಲ್ಲಿ ಅಡುಗೆಮನೆಯ ಕಡೆಗೆ ಉಗ್ರಾಣ, ಅಜ್ಜಿಯ ಕಡೆಗೆ ಬಚ್ಚಲು. ಒಂದು ಕಲ್ಲನ್ನೂ ಕೀಳಬೇಕಿಲ್ಲ. ಅಡ್ಡಗೋಡೆಗೆ ಒಂದು ಪಾಯಾ ತೋಡಬೇಕು, ಅದೂ ಮುರುಮು ಬೀಳುವ ಮುಂಚೆ.

ಶಿರಹಟ್ಟಿಯ ಬಸ್ಸು ಹತ್ತಿದೆ. ಮಾಗಡಿ ಕೆರೆಯ ಮಗ್ಗುಲಲ್ಲಿ ಹೋಗುವಾಗ ಬಸ್ಸಿನ ಅರ್ಧ ಜನ ಆ ಕಡೆ ಬಾಗಿ ನೋಡಿದರು. ನೀರಿನ ಮೇಲೆ ಹಕ್ಕಿಗಳು ಬಂದಿದ್ದವು. ನಾನು ಮಾಸ್ತರರಿಗೆ ಮೊದಲ ಮಾತು ಏನು ಹೇಳುವುದೆಂದು ಯೋಚಿಸುತ್ತಿದ್ದೆ. ಅಷ್ಟಾಗಿ ಸಲಿಗೆಯಿಲ್ಲದವರ ಮನೆಯ ಬಾಗಿಲು ಬಡಿಯುವುದು ನನಗೆ ಯಾವಾಗಲೂ ಕಷ್ಟ. ಒಮ್ಮೆಯಂತೂ ಇಳಿಯದೆ ಅದೇ ಬಸ್ಸಿನಲ್ಲಿ ಮುಂದೆ ಗದಗಿಗೆ ಹೋಗಿಬಿಡೋಣವೆಂದೂ ಅನಿಸಿತು.

ಮಾಸ್ತರರು ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದರು. ನನ್ನನ್ನು ಕಂಡು ಕನ್ನಡಕ ತೆಗೆದರು.

“ಏನವಾ, ಇಲ್ಲಿತನಕಾ?”

“ಒಂದು ಕೇಳೂದಿತ್ರಿ. ಗ್ವಾಡಿ ಎಬ್ಬಸೂಕಿಂತ ಮೊದಲ ನಿಮ್ಮನ್ನ ಕೇಳಿ ಹೋಗೂಣಂತ ಬಂದೆ.”

ಹಾಳೆಯ ಮೇಲೆ ಪಾಯಾದ ಕಲ್ಲನ್ನು ಅಡ್ಡ ಸೀಳಿದಂತೆ ಬರೆದು, ಮೇಲೆ ಗೋಡೆ ಬರೆದೆ. ಕಲ್ಲಿಗೆ ಇಪ್ಪತ್ತೊಂದು, ಗೋಡೆಗೆ ಒಂಬತ್ತು ಎಂದು ಬರೆದು ಅವರ ಮುಂದೆ ಇಟ್ಟೆ. “ಗೌಂಡಿ ನಡುವ ಇಡತೇನಿ ಅಂತಾರ್ರಿ. ನಡುವ ಇಡೂದೋ, ಅಂಚಿಗೆ ಇಡೂದೋ?” ಎಂದಷ್ಟೇ ಕೇಳಿದೆ.

ಅವರು ಸ್ವಲ್ಪ ಹೊತ್ತು ಚಿತ್ರ ನೋಡಿದರು. ಪೇಪರಿನ ಅಂಚಿನಲ್ಲಿ ಹದಿನೆಂಟು, ಇಪ್ಪತ್ನಾಲ್ಕು ಎಂದು ಬರೆದರು. ಗುಣಿಸಿದರು. ಭಾಗಿಸಿದರು. ಮತ್ತೊಮ್ಮೆ ಭಾಗಿಸಿದರು. ಆಮೇಲೆ ಪೇಪರನ್ನು ಆ ಬದಿ ಒಳಗೆ ಬರುವಂತೆ ಮಡಚಿ, “ಏ, ಚಾ ಮಾಡು, ಬೆಟಗೇರಿ ಹುಡುಗಿ ಬಂದಾಳ,” ಎಂದು ಒಳಗೆ ಕೂಗಿ ಹೇಳಿದರು.

ಚಹಾ ಬಂತು. ಒಂದು ಬಟ್ಟಲನ್ನು ನನ್ನ ಕಡೆ ಸರಿಸಿದರು.

“ಮತ್ತ್ಯಾರಿಗರ ಹೇಳೀಯೇನು?” ಎಂದು ಕೇಳಿದರು.

“ಇಲ್ರಿ.”

“ಅಂಚಿಗೆ ಇಟ್ರ?”

ಎರಡನೆಯ ಹಾಳೆ ಕೊಟ್ಟೆ. ಹತ್ತೊಂಬತ್ತು, ಹತ್ತೊಂಬತ್ತು. ಈ ಸಲ ಅವರು ಪೇಪರು ಮುಟ್ಟಲಿಲ್ಲ, ತೊಡೆಯ ಮೇಲೆ ಬೆರಳು ಓಡಿತು. ಮುಖ ಸಡಿಲಾಯಿತು.

“ಧ್ವಜ ಬಂತಲ್ಲ. ಸಿಮೆಂಟಿನ ಗಿಲಾವ್ ಬಡದ ಮ್ಯಾಲ ಒಳಗ ಕಡಿಮಿ ಆಗತೈತಿ, ಅದನ್ನ ಹಿಡದೀಯೋ ಇಲ್ಲೋ?”

“ಹಿಡದೀನ್ರಿ. ಇಟ್ಟಂಗಿಯಿಂದ ಇಟ್ಟಂಗಿಗೆ ಒಂದ ಇಂಚು ಹೆಚ್ಚು ಇಡಸ್ತೀನಿ. ಗಿಲಾವ್ ಆಗಿ ಸರಿ ಹತ್ತೊಂಬತ್ತು ಉಳೀತೈತಿ.”

“ಶಾಣ್ಯಾಕಿ ಇದ್ದಿ,” ಎಂದರು. ಹಾಳೆಯನ್ನು ತಿರುಗಿಸಿ ಹಿಂದಿನ ಪಟ್ಟಿಯ ಮೇಲೆ ಬೆರಳಿಟ್ಟರು. “ಇದು?”

“ಅದು ಆಯದ ಹೊರಗ ಉಳೀತೈತ್ರಿ.”

“ಹೊರಗ ಉಳದದ್ದಕ್ಕ ನಂದೇನ ತಕರಾರಿಲ್ಲ.” ಬೆರಳು ನಿಂತಿತು. “ಇಲ್ಲಿ ಬಾಗಲಾ ಐತಲ್ಲ? ಅಕ್ಕನ ಖೋಲಿಯಿಂದ ಸಂಡಾಸಕ್ಕ. ಬಾಗಲಾ ಇಟ್ರ ಒಳಗಾತು. ಇದು ಆಗೂದಿಲ್ಲ. ಬಾಗಲಾ ಹೊರಗಿಂದ ಇಡು, ಹಿತ್ತಲದ ಕಡಿಂದ.”

ಇಷ್ಟು ದೂರ ಬಂದು, ಇಷ್ಟು ನಯವಾಗಿ ಮಾತಾಡಿ, ಕೊನೆಗೆ ಮತ್ತೆ ಹಿತ್ತಲು. ನಾನು ಚಹಾದ ಬಟ್ಟಲನ್ನು ಕೆಳಗಿಟ್ಟೆ. ನನ್ನ ದನಿ ಏರಿರಲಿಲ್ಲ ಎಂದುಕೊಳ್ಳುತ್ತೇನೆ.

“ನಿಮ್ಮ ಅಕ್ಕಾರು ಹೊತ್ತು ಮುಳಗಿದ ಮ್ಯಾಲ ನೀರು ಕುಡಿಯೂದು ಬಿಟ್ಟಾರ. ನಿಮಗ ಗೊತ್ತೈತೇನ್ರಿ?”

ಅವರು ನನ್ನನ್ನು ನೋಡಿದರು.

“ಕುಡದ್ರ ಹೋಗಬೇಕಾಗತೈತಿ, ಹೋಗಬೇಕಂದ್ರ ಯಾರನ್ನರ ಕರೀಬೇಕಾಗತೈತಿ ಅಂತ. ಬಾಯಿ ಒಣಗಿದ್ರ ಮುಕ್ಕಳಿಸಿ ಉಗುಳತಾರ. ಚಹಾನೂ ಬಿಟ್ಟಾರ. ನೀವು ಅವತ್ತ ಚಹಾ ಕುಡಿಯೂವಾಗ ಬಾಜೂಕ ಕುಂತಿದ್ರಲ್ಲ, ಅವರ ಕೈಯಾಗ ಬಟ್ಟಲಾ ಇರಲಿಲ್ಲ.”

ಮಾಸ್ತರರು ರಸ್ತೆಯ ಕಡೆ ತಿರುಗಿದರು. ಒಬ್ಬ ಸೈಕಲ್ಲಿನವನು “ಮಾಸ್ತರ್ರ, ನಮಸ್ಕಾರ್ರಿ” ಎಂದು ಹೋದ. ಅವರು ಕೈ ಎತ್ತಲಿಲ್ಲ.

“ನನಗ ಹೇಳಿಲ್ಲಾಕಿ,” ಎಂದರು.

“ಹೇಳೂದಿಲ್ರಿ ಅವರು.”

“ಸಣ್ಣಾಕಿದ್ದಾಗಿಂದಾನೂ ಹಂಗ. ನಾ ಉಂಡಿಲ್ಲ ಅಂದ್ರ ತಾ ಉಂಡೀನಿ ಅನ್ನಾಕಿ.” ಕನ್ನಡಕವನ್ನು ಪಂಚೆಯ ಅಂಚಿನಿಂದ ಒರೆಸಿದರು. ಮತ್ತೆ ಹಾಳೆ ಎತ್ತಿಕೊಂಡು, ಶಾಲೆಯ ದನಿಗೆ ಮರಳಿದರು. “ಬಾಗಲಾ ಇರ್ಲಿ. ಆದ್ರ ನಡುವ ಹೊಸ್ತಿಲ ಬೇಕು. ಹೊಸ್ತಿಲ ದಾಟಿದ್ರ ಹೊರಗ ಹೋದಂಗ.”

“ಹೊಸ್ತಿಲ ಇಟ್ರ ವಾಕರ್ ದಾಟೂದಿಲ್ರಿ. ಎತ್ತಿ ಇಡಬೇಕಾಗತೈತಿ. ಎತ್ತೂವಾಗ ಬೀಳ್ತಾರ.”

“ಹೊಸ್ತಿಲ ಇಲ್ಲದ ನಾ ಒಪ್ಪೂದಿಲ್ಲ.”

“ಕರಿ ಕಲ್ಲಿನ ಪಟ್ಟಿ ಹಾಕಸ್ತೀನ್ರಿ, ಬಾಗಲದ ಉದ್ದಕ. ನೆಲಕ್ಕ ಸಮ. ಕಣ್ಣಿಗೆ ಕಾಣತೈತಿ, ಕಾಲಿಗೆ ಹತ್ತೂದಿಲ್ಲ.”

ಅವರು ಯೋಚಿಸಿದರು. ಮೊದಲ ಬಾರಿಗೆ ಮೀಸೆಯ ಕೆಳಗೆ ನಗೆಯಂಥದ್ದು ಕಂಡಿತು.

“ಹೊಸ್ತಿಲ ಇರಬೇಕು ಅಂತ ಐತಿ. ಎಷ್ಟು ಎತ್ತರ ಇರಬೇಕು ಅಂತ ನನಗ ಯಾರೂ ಹೇಳಿಲ್ಲ. ಹಾಕು.”

ಮರುದಿನ ಅವರು ನನಗಿಂತ ಮೊದಲೇ ಲಕ್ಷ್ಮೇಶ್ವರಕ್ಕೆ ಬಂದು, ಕಲ್ಲಿನ ಮೇಲೆ ನಿಂತು ಕಾಕಾನಿಗೆ ವಿವರಿಸುತ್ತಿದ್ದರು. “ಮತ್ತೊಮ್ಮೆ ಕುಂತು ಲೆಕ್ಕಾ ಹಾಕಿದೆ. ಗಜಾಯಕ್ಕಿಂತ ಈ ಜಾಗಾಕ್ಕ ಧ್ವಜಾಯ ಛಲೋ. ಗ್ವಾಡಿ ಅಂಚಿಗೆ ಬರ್ಲಿ. ಇಲ್ಲೊಂದು ಅಡ್ಡಗ್ವಾಡಿ. ಹಿಂದ ಉಳದದ್ದು ಹೊರಗಿನ ಲೆಕ್ಕ, ಅಲ್ಲಿ ಅಕ್ಕಗ ಬಚ್ಚಲಾ ಮಾಡಿಬಿಡ್ರಿ.”

“ಮಾವಾರ ತಲೀನ ತಲಿ,” ಎಂದ ಕಾಕಾ ನನಗೆ. “ನೋಡಿ ಕಲಕೋ ತಂಗಿ.”

ಗೌಂಡಿ ನನ್ನ ಮುಖವನ್ನೊಮ್ಮೆ, ಮಾಸ್ತರರ ಮುಖವನ್ನೊಮ್ಮೆ ನೋಡಿ, ಸೂತ್ರದ ಉಂಡೆ ಬಿಚ್ಚಿದರು. ನಾನು ಹಲ್ಲು ಕಚ್ಚಿಕೊಂಡು ಅಡ್ಡಗೋಡೆಯ ಗೆರೆ ಹಾಕಿಸಿದೆ. ಆ ಲೆಕ್ಕ ನನ್ನದೆಂದು ಹೇಳಿಕೊಳ್ಳದಿರುವುದು ನಾನು ಅಂದುಕೊಂಡದ್ದಕ್ಕಿಂತ ಕಷ್ಟವಿತ್ತು. ಇಂದಿಗೂ ಅದು ಪೂರ್ತಿ ಇಳಿದಿಲ್ಲ.

ಆಮೇಲಿನ ಕೆಲಸವೂ ನೆಟ್ಟಗೆ ಸಾಗಲಿಲ್ಲ. ಹಿಂದಿನ ಪಟ್ಟಿಯ ಸ್ಲ್ಯಾಬನ್ನು ಒಂದೂವರೆ ಅಡಿ ಕೆಳಗೆ ಹಾಕಬೇಕು, ಆಗ ಅದರ ಮೇಲಿನಿಂದ ಅಜ್ಜಿಯ ಕೋಣೆಗೂ ಅಡುಗೆಮನೆಗೂ ಬೆಳಕಿಂಡಿ ಸಿಗುತ್ತದೆ ಎಂದು ಬರೆದಿದ್ದೆ. ಸೆಂಟ್ರಿಂಗಿನವರು ಎರಡನ್ನೂ ಒಂದೇ ಮಟ್ಟಕ್ಕೆ ಹಲಗೆ ಹೊಡೆದಿದ್ದರು, ಬಿಚ್ಚಿಸಿ ಹೊಡೆಸಬೇಕಾಯಿತು. ಬಡಿಗ ಬಚ್ಚಲಿನ ಬಾಗಿಲಿಗೆ ಎಲ್ಲ ಬಾಗಿಲುಗಳಂತೆ ಕೆಳಗೂ ಕಟ್ಟಿಗೆ ಇರುವ ಚೌಕಟ್ಟನ್ನೇ ತಂದ. “ಹೊಸ್ತಿಲ ಇಲ್ಲದ ಚೌಕಟ್ಟು ಹೆಂಗ ನಿಂದರತೈತ್ರಿ?” ಎಂದು ನನ್ನೊಡನೆ ವಾದಿಸಿದ. ಮಾಸ್ತರರೇ ಎದ್ದು ಬಂದು, “ಕೊಯ್ಯೋ ಅದನ್ನ, ಹೊಸ್ತಿಲ ಕಲ್ಲಿಂದು ಬರತೈತಿ,” ಎಂದ ಮೇಲೆ ಕೊಯ್ದ. ನಾನು ಹೇಳಿದ್ದೂ ಅದೇ ಮಾತು. ಬಚ್ಚಲಿನ ನೀರು ಕೋಣೆಗೆ ಬರದಂತೆ ಇಳಿಜಾರನ್ನು ಕರಿಕಲ್ಲಿನ ಪಟ್ಟಿಯಿಂದಲೇ ಶುರು ಮಾಡಿಸಿ, ಬಕೆಟ್ಟು ನೀರು ಸುರಿದು ನೋಡಿ, ಒಂದು ಮೂಲೆಯ ಫರಸಿ ಕೀಳಿಸಿ ಮತ್ತೆ ಕೂರಿಸಿದೆ.

ಈ ನಡುವೆ ದೊಡ್ಡ ಊರಿನ ಒಂದು ಕಚೇರಿ ವಿಡಿಯೊದಲ್ಲಿ ಸಂದರ್ಶನ ಮಾಡಿತು. ಟೊಳ್ಳು ನೆಲದ ಮೇಲೆ ಕುರ್ಚಿ ಅಲುಗಾಡದಂತೆ ಕೂತು ಮಾತಾಡಿದೆ. ಸದ್ಯ ಏನು ಮಾಡುತ್ತಿದ್ದೀರಿ ಎಂದು ಕೇಳಿದಾಗ ಲಕ್ಷ್ಮೇಶ್ವರದ ನಕ್ಷೆ ತೋರಿಸಿದೆ. ಮನೆ ಸರಿಯಾಗಿ ಚೌಕವೇ ಏಕಿದೆ, ಹಿಂದಿನ ಪಟ್ಟಿ ಏಕೆ ಬೇರೆ ಕಟ್ಟಡದಂತಿದೆ, ಬಚ್ಚಲಿನ ಬಾಗಿಲಲ್ಲಿ ಮಾತ್ರ ಕಪ್ಪು ಕಲ್ಲು ಏಕೆ ಎಂದು ಕೇಳಿದರು. ನಾನು ಹೇಳತೊಡಗಿದೆ. ಮೂರು ವಾಕ್ಯಗಳಲ್ಲಿ ಹೇಳಲಾಗುವ ಸಂಗತಿಯಾಗಿರಲಿಲ್ಲ. ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ.

ಗೃಹಪ್ರವೇಶಕ್ಕೆ ನಾನು ಹೋಗಲಿಲ್ಲ. ಅಂಥ ಗದ್ದಲದಲ್ಲಿ ಎಲ್ಲಿ ನಿಲ್ಲಬೇಕೆಂದು ನನಗೆ ತಿಳಿಯುವುದಿಲ್ಲ. ಎಲ್ಲ ಮುಗಿದ ಮೇಲೆ, ಬಚ್ಚಲಿನ ಗೋಡೆಗೆ ಹಿಡಿಕೆ ಕೂರಿಸುವುದು ಉಳಿದಿತ್ತು, ಅದಕ್ಕೆ ಹೋದೆ. ಅಜ್ಜಿ ಹೊಸ ಕೋಣೆಯಲ್ಲಿದ್ದರು. ಹಿಡಿಕೆಯ ಎತ್ತರ ನೋಡಲು ಒಮ್ಮೆ ನಡೆದು ತೋರಿಸಿ ಎಂದೆ. ವಾಕರ್ ಹಿಡಿದು ಎದ್ದರು, ಕರಿಕಲ್ಲಿನ ಮೇಲೆ ಹಾದು ಹೋದರು. ಕಾಕು ಜೊತೆಗೆ ಹೊರಟವಳು ಬಾಗಿಲಲ್ಲಿ ನಿಂತಳು. ಅಜ್ಜಿ ಒಳಗಿನಿಂದ ಬಾಗಿಲು ಹಾಕಿಕೊಂಡರು.

ಕಾಕು ನನ್ನ ಕಡೆ ತಿರುಗಿ, “ಚಿಲಕಾ ಸೈತ ಹಾಕ್ಕೊಂತಾರ ನೋಡವಾ ಈಗ,” ಎಂದಳು.

ಮಂಚದ ಪಕ್ಕದ ಗೂಡಿನಲ್ಲಿ ಹಿತ್ತಾಳೆಯ ತಂಬಿಗೆ ಇತ್ತು. ಕತ್ತಿನವರೆಗೆ ನೀರಿತ್ತು, ಮೇಲೆ ಲೋಟ ಬೋರಲು ಹಾಕಿತ್ತು. ಹೊರಗೆ ಹೊತ್ತು ಇಳಿಯುತ್ತಿತ್ತು.

ಬಸ್‌ಸ್ಟ್ಯಾಂಡಿಗೆ ಬಂದಾಗ ಫೋನು ಬಂತು, ಗುರುತಿಲ್ಲದ ನಂಬರು. ಯಾವುದೋ ಕಚೇರಿಯಿರಬಹುದೆಂದು ಗಂಟಲು ಸರಿಮಾಡಿಕೊಂಡು ಎತ್ತಿದೆ.

“ನಮಸ್ಕಾರ್ರಿ. ಮುಂಡರಗಿಯಿಂದ ಮಾತಾಡಾಕ ಹತ್ತೇನಿ. ಶಿರಹಟ್ಟಿ ಮಾಸ್ತರು ನಂಬರ್ ಕೊಟ್ರು. ಆಯ ನೋಡೂ ಬಾಯಾರು ನೀವೇನ್ರಿ?”

ಅಲ್ಲ ಎನ್ನಲು ಬಾಯಿ ತೆರೆದೆ. ಆರ್ಕಿಟೆಕ್ಟ್ ಎಂಬ ಶಬ್ದ ನಾಲಿಗೆಯ ತುದಿಯವರೆಗೆ ಬಂದಿತ್ತು. ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಹೂವಿನ ಬುಟ್ಟಿ ಸರಿಸಿ ನನಗೆ ಜಾಗ ಮಾಡಿದರು. ಕೂತೆ.

“ಹೌದ್ರಿ,” ಎಂದೆ. “ಅಳತಿ ಆಮ್ಯಾಲ ಹೇಳೀರಂತ. ಮನ್ಯಾಗ ವಯಸ್ಸಾದವರು ಯಾರ್ಯಾರದಾರ, ಮೊದಲ ಅದನ್ನ ಹೇಳ್ರಿ.”